ಬೆದೆ ಕಾಯ್ದ ಚಳಿಗಾಲ

ಕಳೆದ ಶುಕ್ರವಾರ ಕುವೈತಿನ ಎಗೈಲಾದ ಮಾಲಿನಲ್ಲಿ ಲಿಫ್ಟಿನ ಬಾಗಿಲು ಇನ್ನೇನು ಮುಚ್ಚಬೇಕು, ಒಬ್ಬರು ಕೈ ಅಡ್ಡ ಹಿಡಿದು ಒಳಗೆ ಬಂದರು. ಗರಿಗರಿ ಬಿಳಿ ದಿಶ್‌ದಾಶ ನಿಲುವಂಗಿ, ಕೈಯಲ್ಲಿ ಕಾರಿನ ಕೀಲಿ, ಮೈಯೆಲ್ಲ ಅತ್ತರು. ಇಲ್ಲಿ ಅತ್ತರಿಗೆ ಮೂಗು ಒಗ್ಗಿಹೋಗಿರುತ್ತದೆ. ಗುಲಾಬಿಯಾಗಲಿ ಊದ್ ಆಗಲಿ ಯಾವುದೂ ತಲೆಗೆ ಹೋಗುವುದಿಲ್ಲ. ಆದರೆ ಅವರು ಹಚ್ಚಿಕೊಂಡಿದ್ದರಲ್ಲಿ ಹೂವು ಕಡಿಮೆ, ಪ್ರಾಣಿ ಜಾಸ್ತಿ ಇತ್ತು. ಬಿಸಿಲಿಗೆ ಕಾದ ಕೂದಲು, ಉಚ್ಚೆ, ಮೇಲೊಂದಿಷ್ಟು ಕಸ್ತೂರಿ.

"ಬೆದೆಗಾಲದ ಗಂಡು ಜಿಂಕೆ," ಎಂದೆ, ಪಕ್ಕದಲ್ಲಿದ್ದ ನನ್ನ ಗಂಡ ರಘುವಿಗಷ್ಟೇ ಕೇಳುವಂತೆ.

"ಮೆತ್ತಗೆ ಹೇಳೇ. ಅವರಿಗೆ ಕನ್ನಡ ಬಂದ್ರೆ ಏನ್ ಗತಿ?" ಎಂದು ರಘು ನಗು ತಡೆದುಕೊಂಡ. ಆಮೇಲೆ ಅವನು ಸಾಮಾನಿನ ತಳ್ಳುಗಾಡಿಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡದ್ದನ್ನು ನೋಡಿದಾಗಲೇ ಆ ಚಳಿಗಾಲ ಅವನಿಗೂ ನೆನಪಾಯಿತೆಂದು ಗೊತ್ತಾಯಿತು.

ನಾನು ದನದ ಡಾಕ್ಟರು. ಹಾಸನದಲ್ಲಿ ಓದಿ ಅರಸೀಕೆರೆ ಕಡೆಯ ಹಳ್ಳಿಗಳಲ್ಲಿ ಮೊದಲ ನೌಕರಿ ಮಾಡಿದವಳು. ಅಲ್ಲಿ ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಬೆದೆ ನೋಡುವುದೇ. "ಅಮ್ಮಾವ್ರೇ, ನಮ್ಮ ಹಸ ನಿನ್ನೆಯಿಂದ ಒಂದೇ ಸಮ ಕೂಗ್ತೈತೆ, ಒಂದ್ ಸೂಜಿ ಹಾಕ್ಬುಡಿ" ಎಂದು ಬಂದು ನಿಲ್ಲುತ್ತಿದ್ದರು. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಗಬ್ಬ ಕಟ್ಟಿಸುವ ಸೂಜಿ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಬೇಗ ಹಾಕಿದರೂ ಕೆಟ್ಟಿತು, ತಡ ಮಾಡಿದರೂ ಕೆಟ್ಟಿತು. ಆ ಡಾಕ್ಟರಮ್ಮನ ಕೈಗುಣ ಚೆನ್ನಾಗಿದೆ ಎಂದು ನಾಲ್ಕು ಊರಲ್ಲಿ ಹೆಸರಿತ್ತು. ಮದುವೆಯಾಗಿ ಕುವೈತಿಗೆ ಬಂದ ಮೇಲೆ ದನ ಹೋಗಿ ಬೆಕ್ಕು ಬಂತು. ಸಲ್ವಾದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಕೆಲಸ. ಉದ್ದ ಕೂದಲಿನ ಬೆಕ್ಕುಗಳನ್ನು ಮನೆಗೆಲಸದ ಹೆಂಗಸರು ಬುಟ್ಟಿಯಲ್ಲಿಟ್ಟುಕೊಂಡು ಬರುತ್ತಾರೆ. ಬೆಕ್ಕಿಗೆ ರಾಜಕುಮಾರಿಯ ಹೆಸರಿರುತ್ತದೆ, ಹೊತ್ತು ತಂದವಳ ಹೆಸರು ಯಾರೂ ಕೇಳುವುದಿಲ್ಲ.

ರಘು ರಿಫೈನರಿಯಲ್ಲಿ ಇಂಜಿನಿಯರು. ಮಂಗಫ್‌ನಲ್ಲಿ ಮನೆ, ಮನೆಯ ಕೆಳಗೇ ಅವನ ಕಂಪನಿ ಬಸ್ಸು. ಎಲ್ಲ ಸರಿಯಾಗಿತ್ತು, ಮಗುವೊಂದು ಆಗಲಿಲ್ಲ. ಊರಿಗೆ ಫೋನ್ ಮಾಡಿದರೆ ಅತ್ತೆ ಮೊದಲು ಸೆಕೆ ಎಷ್ಟಿದೆ ಎಂದು ಕೇಳಿ, ಆಮೇಲೆ ಏನಡುಗೆ ಎಂದು ಕೇಳಿ, ಕೊನೆಗೆ ದನಿ ತಗ್ಗಿಸಿ "ಏನಾದ್ರೂ ವಿಶೇಷ?" ಎನ್ನುತ್ತಿದ್ದರು. ವಿಶೇಷ ಇರಲಿಲ್ಲ. ಪರೀಕ್ಷೆ ಮಾಡಿಸಿದರೆ ಇಬ್ಬರಲ್ಲೂ ಒಂದು ದೋಷವೂ ಸಿಗಲಿಲ್ಲ. ರೋಗ ಸಿಕ್ಕಿದ್ದರೆ ಬೈಯಲು ಒಂದು ಹೆಸರಾದರೂ ಇರುತ್ತಿತ್ತು. ಹೀಗಾಗಿ ಊರ ಹಸುಗಳಿಗೆಲ್ಲ ಬೆದೆ ನೋಡಿದವಳು ವರ್ಷಗಟ್ಟಲೆ ನನ್ನದೇ ಬೆದೆ ನೋಡಿಕೊಂಡೆ. ಥರ್ಮಾಮೀಟರು, ಸ್ಕ್ಯಾನು, ಹೊಟ್ಟೆಗೆ ನಾನೇ ಚುಚ್ಚಿಕೊಳ್ಳುವ ಸೂಜಿ. ಗಂಡಹೆಂಡಿರ ನಡುವಿನ ಮಾತುಕತೆಯೆಲ್ಲ ಪಾಳಿ ಬದಲಾಯಿಸುವವರ ಮಾತಿನ ಹಾಗಾಯಿತು. ಕೊನೆಗೆ ಐವಿಎಫ್. ಒಂದು ಸಲ ಆಗಲಿಲ್ಲ. ಎರಡನೆಯ ಸಲ ಆಗುತ್ತದೆ ಎಂದು ಎಲ್ಲರೂ ಹೇಳಿದರು, ಸ್ಕ್ಯಾನ್ ಮಾಡುವ ಹುಡುಗಿಯೂ ಹೇಳಿದಳು.

ಫಲಿತಾಂಶದ ಫೋನು ಬಂದಾಗ ನನ್ನ ಮೇಜಿನ ಮೇಲೆ ಒಂದು ಬೆಕ್ಕು ಇತ್ತು, ಕಿವಿಗೆ ಔಷಧಿ ಹಾಕುತ್ತಿದ್ದೆ. ಆಸ್ಪತ್ರೆಯ ನರ್ಸು ಸಾರಿ ಎಂದಳು. ನಾನು ಪರವಾಗಿಲ್ಲ ಎಂದೆ. ಬೆಕ್ಕಿನ ಇನ್ನೊಂದು ಕಿವಿಗೂ ಔಷಧಿ ಹಾಕಿ, ಕೈ ತೊಳೆದು, ರಘುವಿಗೆ ಫೋನ್ ಮಾಡಿದೆ. ಅವನು ಮನೆಗೆ ಹೊರಟ ಬಸ್ಸಿನಲ್ಲಿದ್ದ, ಒಂದೇ ಗದ್ದಲ. ಉದ್ದ ಮಾತಾಡುವ ಶಕ್ತಿ ನನಗಿರಲಿಲ್ಲ.

"ಆಯ್ತು," ಎಂದೆ.

ಮುಗಿಯಿತು ಎಂದು ನನ್ನ ಅರ್ಥ. ಊರಲ್ಲಿ ಯಾರಾದರೂ ಹೋದರೂ ನಾವು ಹಾಗೇ ಹೇಳುತ್ತೇವಲ್ಲ, ಅವರದು ಆಯ್ತು ಎಂದು. ಆ ಕಡೆಯಿಂದ ರಘು, "ಆಯ್ತಾ? ನಿಜವಾಗ್ಲೂ ಆಯ್ತಾ?" ಎಂದು ಕೂಗಿದ. ಅವನ ದನಿಯಲ್ಲಿ ಏನಿದೆ ಎಂದು ನನಗೆ ಅರ್ಥವಾಗುವಷ್ಟರಲ್ಲಿ ಲೈನು ಕಟ್ಟಾಯಿತು. ತಿರುಗಿ ಮಾಡಿದರೆ ಎಂಗೇಜು. ಅವನು ತನ್ನ ಅಮ್ಮನಿಗೆ ಫೋನ್ ಮಾಡುತ್ತಿದ್ದ.

ಬಸ್ಸಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದ. ಮಂಗಫ್‌ನಲ್ಲಿ ಇಳಿದವನೇ ಮಿಠಾಯಿ ಅಂಗಡಿಗೆ ಹೋಗಿ ಮೈಸೂರುಪಾಕು ಕಟ್ಟಿಸಿಕೊಂಡು ಬಂದ. ನಾನು ಬಾಗಿಲು ತೆಗೆದೆ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ, ಅರಿಸಿನ ಕುಂಕುಮದ ತಟ್ಟೆ ಹಿಡಿದವರ ಹಾಗೆ. ನನ್ನ ಮುಖ ನೋಡಿದ. ಚಪ್ಪಲಿ ಸ್ಟ್ಯಾಂಡಿನ ಮೇಲೆ ಡಬ್ಬಿ ಇಟ್ಟು, ಅಲ್ಲೇ ಕೂತು, ಬೂಟಿನ ಲೇಸು ಬಿಚ್ಚತೊಡಗಿದ. ಬಿಚ್ಚಲು ಬಹಳ ಹೊತ್ತು ಬೇಕಾಯಿತು. ಒಬ್ಬರೂ ಅಳಲಿಲ್ಲ. ಮಾರನೆಯ ವಾರವಿಡೀ ಬಸ್ಸಿನಲ್ಲಿ ಯಾರಾದರೊಬ್ಬರು ಅವನ ಬೆನ್ನು ತಟ್ಟಿ "ಮುಬಾರಕ್ ಭಾಯಿ" ಎನ್ನುತ್ತಿದ್ದರಂತೆ. ಎಷ್ಟು ಜನಕ್ಕೆ ತಿದ್ದಿ ಹೇಳುವುದು, ಥ್ಯಾಂಕ್ಸ್ ಎಂದು ಕಿಟಕಿ ಕಡೆ ತಿರುಗುತ್ತಿದ್ದನಂತೆ. ಇದನ್ನೂ ಅವನು ಹೇಳಿದ್ದು ಎಷ್ಟೋ ತಿಂಗಳ ಮೇಲೆ.

ಒಂದು ಭ್ರೂಣ ಇನ್ನೂ ಉಳಿದಿತ್ತು, ಆಸ್ಪತ್ರೆಯ ಶೀತಪೆಟ್ಟಿಗೆಯಲ್ಲಿ. ಅದನ್ನು ಇಡಬೇಕೋ, ಇನ್ನೊಂದು ಪ್ರಯತ್ನ ಮಾಡಬೇಕೋ, ಬಿಡಬೇಕೋ ಎಂದು ವರ್ಷದ ಕೊನೆಯೊಳಗೆ ತಿಳಿಸಿ ಎಂದಿದ್ದರು. ರಘು ಒಮ್ಮೆ ಕೇಳಿದ, "ಏನ್ ಮಾಡೋಣ?" ನಾನು "ಈಗಲೇ ಬೇಡ" ಎಂದೆ. ನಿಜ ಹೇಳಬೇಕೆಂದರೆ ನನಗೆ ಬೇಕು ಎಂದೂ ಅನ್ನಿಸುತ್ತಿರಲಿಲ್ಲ, ಬೇಡ ಎಂದೂ ಅನ್ನಿಸುತ್ತಿರಲಿಲ್ಲ. ಕಾಲು ಮಡಿಸಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಹಾಗೆ ನಾನಿಡೀ ಜೋಮು ಹಿಡಿದಿದ್ದೆ. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ತಿಂದರೂ ಗೊತ್ತಾಗುತ್ತಿರಲಿಲ್ಲ. ರಘು ಉಪ್ಪಿಲ್ಲದ ಸಾರನ್ನೇ ಉಣ್ಣುತ್ತಿದ್ದ.

ಅಂಥ ಹೊತ್ತಿನಲ್ಲಿ ಬೂ ನಾಸರ್ ಬಂದರು. ಬೂ ನಾಸರ್ ಅಂದರೆ ನಾಸರನ ಅಪ್ಪ. ಇಲ್ಲಿ ಹಿರಿಮಗನ ಹೆಸರು ಹಿಡಿದು ಗಂಡಸರನ್ನು ಕರೆಯುವುದೇ ಮರ್ಯಾದೆ. ಮಕ್ಕಳಿಲ್ಲದವರನ್ನು ಏನೆಂದು ಕರೆಯುತ್ತಾರೆ ಎಂದು ನಾನು ಕೇಳಲು ಹೋಗಲಿಲ್ಲ. ಅರವತ್ತು ದಾಟಿದ ಮನುಷ್ಯ, ಬಲಭುಜಕ್ಕೆ ಶಸ್ತ್ರಚಿಕಿತ್ಸೆ ಆಗಿತ್ತು. ಅವರ ಬೆಕ್ಕಿಗೆ ನಾನೇ ಔಷಧಿ ಕೊಡುತ್ತಿದ್ದೆ. ಬೆಕ್ಕಿನ ವಿಚಾರ ಮುಗಿದ ಮೇಲೂ ಕುರ್ಚಿ ಬಿಟ್ಟೇಳಲಿಲ್ಲ.

"ದಕ್ತೂರಾ, ನಿನಗೆ ದೊಡ್ಡ ಪ್ರಾಣಿ ಗೊತ್ತೇ?" ಎಂದರು. ಅವರ ಇಂಗ್ಲಿಷು ನನ್ನ ಅರಬ್ಬಿಗಿಂತ ಎಷ್ಟೋ ವಾಸಿ, ಹಾಗಾಗಿ ನಮ್ಮ ಮಾತು ಅದರಲ್ಲೇ ನಡೆಯುತ್ತಿತ್ತು.

"ದೊಡ್ಡ ಪ್ರಾಣಿಯೇ ಗೊತ್ತಿರುವುದು. ಬೆಕ್ಕು ಇಲ್ಲಿ ಕಲಿತದ್ದು," ಎಂದೆ.

ಆಗ ವಿಷಯಕ್ಕೆ ಬಂದರು. ವಫ್ರಾ ಕಡೆ ಅವರಿಗೆ ಬೇಲಿ ಹಾಕಿದ ದೊಡ್ಡ ಮರಳು ಬಯಲಿತ್ತು. ಅದರಲ್ಲಿ ರೀಮ್ ಸಾಕಿದ್ದರು. ರೀಮ್ ಎಂದರೆ ಈ ಮರಳುಗಾಡಿನ ಜಿಂಕೆ. ಶಾಸ್ತ್ರದ ಪ್ರಕಾರ ಅದು ಜಿಂಕೆಯಲ್ಲ, ನಮ್ಮ ಕೃಷ್ಣಮೃಗದ ನೆಂಟ. ಆದರೂ ಮೈ ಮಾಟ ನೋಡಿದರೆ ಬಾಯಿಗೆ ಬರುವುದು ಜಿಂಕೆ ಎಂದೇ. ಆ ಹಿಂಡಿಗೆ ಒಂದು ಮುದಿ ಗಂಡು ಒಡೆಯ. ಹಿಂದಿನ ಚಳಿಗಾಲದಲ್ಲಿ ಅದು ಎರಡು ಪ್ರಾಯದ ಗಂಡುಗಳನ್ನು ತಿವಿದು ಕೊಂದಿತ್ತು. ಇನ್ನು ಅದನ್ನು ತೆಗೆಯಲೇಬೇಕು ಎಂದು ಬೂ ನಾಸರ್ ತೀರ್ಮಾನ ಮಾಡಿದ್ದರು. ತೆಗೆಯುವುದಾದರೆ ತನ್ನ ಕೈಯಿಂದ, ಬಿಲ್ಲಿನಿಂದ.

"ಸೂಜಿ ಕೊಟ್ಟರೆ ನೋವಿಲ್ಲದೆ ಹೋಗುತ್ತದೆ," ಎಂದೆ ನಾನು.

"ಅದು ನನ್ನ ಮುಖ ನೋಡಿಕೊಂಡು ಬೆಳೆದದ್ದು. ಸೂಜಿಯ ಸಾವು ಅದಕ್ಕೆ ಬೇಡ."

ಅವರು ಒಮ್ಮೆ ಅಮೆರಿಕದ ಮರಳುಗಾಡಿಗೆ ಬಿಲ್ಲು ಹೊತ್ತುಕೊಂಡು ಹೋಗಿದ್ದರಂತೆ. ಅಲ್ಲಿನ ಮರಳುಗಾಡಿನ ಜಿಂಕೆ ಬೇರೆ ಜಿಂಕೆಗಳಿಗಿಂತ ತಡವಾಗಿ ಬೆದೆಗೆ ಬರುತ್ತದೆ. ಇವರು ಬೇಗ ಹೋದರು. ಗಂಡುಗಳು ಗುಡ್ಡದ ಮೇಲೆ ಹುಷಾರಾಗಿ ಮಲಗಿದ್ದವು, ಹತ್ತಿರ ಸುಳಿಯಲೂ ಬಿಡಲಿಲ್ಲ. ಬರಿಗೈಯಲ್ಲಿ ವಾಪಸು. "ಕೋವಿಯವನಿಗೆ ದೂರ ಸಾಕು. ಬಿಲ್ಲಿನವನಿಗೆ ಹತ್ತಿರ ಬೇಕು. ಗಂಡು ತಾನಾಗಿ ಹತ್ತಿರ ಬರುವಷ್ಟು ಬುದ್ಧಿ ಕೆಡುವುದು ಆ ಕೆಲವು ದಿನ ಮಾತ್ರ. ಆ ದಿನ ಯಾವುದು ಎಂದು ನೀನು ಹೇಳಬೇಕು," ಎಂದರು. ಇನ್ನೊಂದು ಷರತ್ತೂ ಇತ್ತು. ಆ ಗಂಡು ಮೊದಲು ಒಂದು ಹೆಣ್ಣನ್ನಾದರೂ ಕೂಡಬೇಕು. ಅದರ ಮರಿ ಉಳಿಯಬೇಕು. ಆಮೇಲೆ ಬಾಣ.

ಕ್ಲಿನಿಕ್ಕಿನ ಯಜಮಾನರು ಹೋಗಿ ಬಾ ಎಂದರು. ನಾನು ಮನೆಗೆ ಬಂದು ರಘುವಿಗೆ ಹೇಳಿದೆ. ಆ ತಿಂಗಳುಗಳಲ್ಲಿ ಅವನು ಆಡಿದ ಒಂದೇ ತಮಾಷೆ ಅದು: "ಸರಿ ಹೋಯ್ತು. ಅವರದು ಹೆದೆ, ನಿಂದು ಬೆದೆ." ನನಗೆ ನಗು ಬರಬೇಕಿತ್ತು. ನಗಬೇಕು ಎಂದು ಗೊತ್ತಾಗಿ ಸ್ವಲ್ಪ ನಕ್ಕೆ.

ನವೆಂಬರಿನಲ್ಲಿ ಶುರುವಾಯಿತು. ವಾರಕ್ಕೆರಡು ದಿನ ಬೆಳಿಗ್ಗೆ ಹಸನಾಕ ಪಿಕಪ್ಪು ತಂದು ನಮ್ಮ ಮನೆಯ ಮುಂದೆ ನಿಲ್ಲಿಸುತ್ತಿದ್ದರು. ಹಸನಾಕ ಬೂ ನಾಸರ್ ಅವರ ಬಯಲು ನೋಡಿಕೊಳ್ಳುವವರು, ವಿಟ್ಲದ ಬ್ಯಾರಿ, ನನಗಿಂತ ಇಪ್ಪತ್ತು ವರ್ಷಕ್ಕಾದರೂ ದೊಡ್ಡವರು. ಬಾಯಿಗೆ ಬಿಡುವಿಲ್ಲದ ಮನುಷ್ಯ. ಮೊದಲ ದಿನವೇ ರಸ್ತೆಯ ಮೇಲೆ ಕಣ್ಣಿಟ್ಟುಕೊಂಡು ಕೇಳಿದರು:

"ಡಾಕ್ಟ್ರೇ, ನಿಮ್ಗೆ ಮಕ್ಕಳು ಎಷ್ಟು?"

"ಇಲ್ಲ."

"ಆಗ್ತದೆ, ಆಗ್ತದೆ. ನನ್ನ ತಂಗಿಗೆ ಎಷ್ಟೋ ವರ್ಷ ಆದ ಮೇಲೆ ಆದದ್ದು. ಎಂತ ಬೇಜಾರ್ ಮಾಡ್ಲಿಕ್ಕೆ ಉಂಟು?"

ಬೇಜಾರೂ ಆಗಿರಲಿಲ್ಲ ನನಗೆ, ಅದೇ ತೊಂದರೆ. ಕಿಟಕಿಯಾಚೆ ಹೈಟೆನ್ಷನ್ ಕಂಬಗಳು ಹೋಗುತ್ತಿದ್ದವು. ಮರಳಿನಲ್ಲಿ ಬೀಡು ಬಿಡುವವರ ಚಳಿಗಾಲದ ಗುಡಾರಗಳು ಆಗಲೇ ಎದ್ದಿದ್ದವು. ಮೊದಲ ಮಳೆ ಎರಡು ವಾರದ ಹಿಂದೆ ಬಿದ್ದಿತ್ತು, ಮರಳಿನ ಮೇಲೆ ಅಲ್ಲಲ್ಲಿ ಹಸಿರು ಪಾಚಿಯಂತೆ ಕಾಣುತ್ತಿತ್ತು. ಆ ಹಸಿರು ನೋಡಿ ಹಸನಾಕ ಪ್ರತಿ ಸಲ "ಮಾಶಾಲ್ಲಾ" ಎನ್ನುತ್ತಿದ್ದರು. ನಾನು ಅದನ್ನು ನೋಡುತ್ತಿದ್ದೆ, ಅಷ್ಟೇ.

ಮುದಿ ಗಂಡನ್ನು ಹಸನಾಕ ಶಾಯಿಬ್ ಎಂದು ಕರೆಯುತ್ತಿದ್ದರು, ಅರಬ್ಬಿಯಲ್ಲಿ ಮುದುಕ. ಒಂದು ಕೊಂಬಿನ ತುದಿ ಮುರಿದಿತ್ತು. ನಾನು ಮೊದಲು ನೋಡಿದಾಗಲೇ ಅದರ ಗಂಟಲು ಊದತೊಡಗಿತ್ತು. ಈ ಜಾತಿಯಲ್ಲಿ ಗಂಡಿಗೆ ಬೆದೆಗಾಲಕ್ಕೆ ಗಂಟಲು ಉಬ್ಬಿ ದನಿ ಒಡೆಯುತ್ತದೆ. ಶೀತವಾದ ಮುದುಕ ಕೆಮ್ಮಿದಂತೆ ಕೂಗುತ್ತದೆ. ಅರ್ಫಜ್ ಪೊದೆಯ ಕಡ್ಡಿಗೆ ಕಣ್ಣಿನ ಪಕ್ಕವನ್ನು ಉಜ್ಜಿ ಕಪ್ಪು ಅಂಟು ಬಳಿದು ಹೋಗುತ್ತಿತ್ತು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಕಾಲಿನಿಂದ ಕೆರೆದು ಹಿಕ್ಕೆ ಹಾಕಿ, ಅಲ್ಲೊಂದು ಗುಡ್ಡೆಯೇ ಆಗಿತ್ತು. ಈ ನೆಲ ನನ್ನದು ಎಂದು ಹೇಳುವ ಕ್ರಮ ಅದು. ವಾಸನೆ ಗಾಳಿಗೆ ಪಿಕಪ್ಪಿನವರೆಗೂ ಬರುತ್ತಿತ್ತು.

"ಆಯ್ತಲ್ಲ ಡಾಕ್ಟ್ರೇ, ಇನ್ನೆಂತ ಬೇಕು? ಗಂಟಲು ಹಲಸಿನಕಾಯಿ ಆಗಿದೆ," ಎನ್ನುತ್ತಿದ್ದರು ಹಸನಾಕ.

"ಗಂಡಿನ ಕುಣಿತ ತಿಂಗಳುಗಟ್ಟಲೆ ಇರುತ್ತೆ ಹಸನಾಕ. ಬೆದೆಗೆ ಬರೋದು ಹೆಣ್ಣು. ಅದು ಒಂದೇ ದಿನ. ಹೆಣ್ಣನ್ನ ನೋಡಿ."

ನಾನು ಹೆಣ್ಣುಗಳನ್ನೇ ನೋಡುತ್ತಿದ್ದೆ. ಬಾಲ ಹೇಗಿದೆ, ಶಾಯಿಬ್ ಹತ್ತಿರ ಹೋದರೆ ಓಡುತ್ತದೋ, ಸ್ವಲ್ಪ ಓಡಿ ನಿಂತು ಹಿಂದಿರುಗಿ ನೋಡುತ್ತದೋ. ಹೆಣ್ಣು ಉಚ್ಚೆ ಹೊಯ್ದರೆ ಗಂಡು ಅದನ್ನು ಮೂಸಿ ಮೇಲ್ತುಟಿ ಎತ್ತಿ, ಆಕಾಶಕ್ಕೆ ಮುಖ ಮಾಡಿ ನಿಲ್ಲುತ್ತದೆ. ಆ ಒಂದು ಕ್ಷಣ ಅದಕ್ಕೆ ಲೋಕವೇ ಬೇಡ. ಮೂಸಿ ಮುಖ ತಿರುಗಿಸಿದರೆ ಇನ್ನೂ ಆಗಿಲ್ಲ ಎಂದು ಅರ್ಥ. ಬೂ ನಾಸರ್ ಫೋನ್ ಮಾಡಿ ಹೊರಡೋಣವೇ ಎಂದು ಕೇಳುವರು, "ದಕ್ತೂರಾ, ಯಲ್ಲಾ?" ನಾನು "ಈಗಲೇ ಬೇಡ" ಎನ್ನುವೆ. ಸಂಜೆ ಮನೆಗೆ ಬಂದರೆ ರಘು ಚಹಾ ಲೋಟದ ಮೇಲಿಂದ ನೋಡುವನು. ಅವನಿಗೂ ಅದೇ ಉತ್ತರ. ಒಂದೇ ಮಾತಿನಲ್ಲಿ ಇಬ್ಬರು ಗಂಡಸರನ್ನು ಒಂದೂವರೆ ತಿಂಗಳು ಕಾಯಿಸಿದೆ. ಅದರಲ್ಲಿ ಒಬ್ಬರ ವಿಷಯದಲ್ಲಿ ಮಾತ್ರ ನಾನು ಏನು ಹೇಳುತ್ತಿದ್ದೇನೆ ಎಂದು ನನಗೆ ಗೊತ್ತಿತ್ತು.

ಡಿಸೆಂಬರಿನ ನಡುವೆ ಒಂದು ಮಧ್ಯಾಹ್ನ ಹಿಂಡಿನ ಅಂಚಿನಲ್ಲಿದ್ದ ಬಿಳಿಮೂತಿಯ ಹೆಣ್ಣೊಂದು ಮೇಯುವುದನ್ನು ಬಿಟ್ಟು ಅತ್ತಿತ್ತ ಅಲೆಯತೊಡಗಿತು. ಶಾಯಿಬ್ ಮೂಸಿ ಆಕಾಶ ನೋಡಿತು. ಮುಖ ತಿರುಗಿಸಲಿಲ್ಲ. ಹೆಣ್ಣು ಓಡಿತು, ನಿಂತಿತು, ಹಿಂದಿರುಗಿ ನೋಡಿತು. ಅರಸೀಕೆರೆಯ ಲೆಕ್ಕ ತಾನಾಗಿ ತಲೆಗೆ ಬಂತು. ಬೂ ನಾಸರ್‌ಗೆ ಫೋನ್ ಮಾಡಿ "ನಾಳೆ ಬೆಳಿಗ್ಗೆ" ಎಂದೆ. "ನಾಳೆಯೇ?" ಎಂದರು ಅವರು.

ಮರುದಿನ ಬಯಲಿನಲ್ಲಿ ಮಂಜು. ಹಿಕ್ಕೆಗುಡ್ಡೆಯ ಎದುರಿಗೆ, ಗಾಳಿಯ ಕೆಳಬದಿಗೆ, ಹಸನಾಕ ಮೊದಲೇ ಒಂದು ಗುಂಡಿ ತೋಡಿ ಗೋಣಿ ಹೊದಿಸಿದ್ದರು. ಅವರು ಪಿಕಪ್ಪಿನಲ್ಲೇ ದೂರ ಉಳಿದರು. "ಈಗ ಹೊಡೆದ್ರೆ ಮಾಂಸ ಬಾಯಿಗೆ ಇಡ್ಲಿಕ್ಕೆ ಆಗುದಿಲ್ಲ, ಅಷ್ಟು ವಾಸನೆ. ತಿನ್ಲಿಕ್ಕೆ ಆಗದ್ದನ್ನು ಎಂತಕ್ಕೆ ಹೊಡೆಯುದು?" ಎಂದು ನನ್ನ ಹತ್ತಿರ ಗೊಣಗಿದರು. ಒಡೆಯರ ಹತ್ತಿರ ಹೇಳಲಿಲ್ಲ. ಗುಂಡಿಯೊಳಗೆ ಬೂ ನಾಸರ್ ಮುಂದಿನ ಕಿಂಡಿಯಲ್ಲಿ, ನಾನು ಪಕ್ಕದ ಕಿಂಡಿಯಲ್ಲಿ. ಅವರ ಬಿಲ್ಲಿನ ಎರಡೂ ತುದಿಗೆ ಸಣ್ಣ ರಾಟೆಗಳಿದ್ದವು. ಅವರಿಗೆ ಕಾಣುವುದು ಹಿಕ್ಕೆಗುಡ್ಡೆ ಮಾತ್ರ. ಹೆಣ್ಣು ಇದ್ದದ್ದು ಪೊದೆಯ ಆಚೆ, ಅದು ನನಗೆ ಮಾತ್ರ ಕಾಣುತ್ತಿತ್ತು. ಕೂಡಿ ಮುಗಿದ ಮೇಲೆ ಶಾಯಿಬ್ ತನ್ನ ಗುಡ್ಡೆಗೆ ಬರುತ್ತದೆ, ಬಂದು ಮಂಕಾಗಿ ನಿಲ್ಲುತ್ತದೆ ಎಂದು ನಾನು ಹೇಳಿದ್ದೆ. ಮುಗಿದ ಕೂಡಲೇ ತಿಳಿಸುವುದು ನನ್ನ ಕೆಲಸ. ಯಾವ ಪದದಲ್ಲಿ ತಿಳಿಸಬೇಕು ಎಂದು ಮಾತಾಡಿಕೊಳ್ಳಬೇಕಿತ್ತು. ಒಂದು ಪದ ಏನು ಮಾಡಬಲ್ಲದು ಎಂದು ಆ ವರ್ಷ ನನ್ನಷ್ಟು ಗೊತ್ತಿದ್ದವರು ಯಾರಿದ್ದರು? ಆದರೂ ಹೊಳೆಯಲಿಲ್ಲ.

ಮಂಜು ತೆಳುವಾಯಿತು. ಬಿಳಿಮೂತಿಯ ಹೆಣ್ಣು ಮುಂದೆ, ಶಾಯಿಬ್ ಹಿಂದೆ, ಮೂತಿ ಚಾಚಿ, ಮುಂಗಾಲನ್ನು ಕೋಲಿನಂತೆ ನೇರ ಎತ್ತಿ ಅದರ ಹಿಂಗಾಲಿಗೆ ತಾಗಿಸುತ್ತ. ಹೆಣ್ಣು ನಾಲ್ಕು ಹೆಜ್ಜೆ ಹೋಯಿತು, ಮತ್ತೆ ಹೋಯಿತು. ಆಮೇಲೆ ನಿಂತಿತು. ಹಸು ನಿಲ್ಲುವ ಹಾಗೆಯೇ, ಬಾಲ ಪಕ್ಕಕ್ಕೆ ಮಾಡಿ, ಕಿವಿ ಹಿಂದಕ್ಕೆ ಮಾಡಿ. ನೋಡನೋಡುತ್ತಲೇ ಮುಗಿಯಿತು. ಎಷ್ಟು ಸಲೀಸು ಎಂದು ಅನ್ನಿಸಿತು ನನಗೆ. ಬಹಳ ದಿನದ ಮೇಲೆ ನನಗೆ ಅನ್ನಿಸಿದ ಮೊದಲ ಸಂಗತಿ ಅದು. ಅದರಲ್ಲಿ ಹೊಟ್ಟೆಕಿಚ್ಚೇ ಇತ್ತು, ಬೇರೇನೂ ಇರಲಿಲ್ಲ.

ಬೂ ನಾಸರ್ ಆಗಲೇ ಹೆದೆ ಎಳೆದು ಹಿಡಿದಿದ್ದರು. ಗುಡ್ಡೆಯ ಹತ್ತಿರ ಕಾಲ್ಸಪ್ಪಳ ಕೇಳಿಸಿತ್ತು. ಶಸ್ತ್ರಚಿಕಿತ್ಸೆಯಾದ ಭುಜ ನಡುಗುತ್ತಿತ್ತು. ಶಾಯಿಬ್ ಬಂದು ಪಕ್ಕೆ ತಿರುಗಿಸಿ ನಿಂತೇಬಿಟ್ಟಿತು. ಬಾಯಿ ತೆರೆದಿತ್ತು, ಬಾಯಿಂದ ಹಬೆ ಏಳುತ್ತಿತ್ತು. ಬಿಲ್ಲಿಗೆ ಇದಕ್ಕಿಂತ ಹತ್ತಿರ ಯಾವ ಪ್ರಾಣಿಯೂ ಬರುವುದಿಲ್ಲ. ಅವರು ನನ್ನ ಕಡೆ ಕಣ್ಣು ಹೊರಳಿಸಿದರು.

"ಖಲಾಸ್," ಎಂದು ಪಿಸುಗುಟ್ಟಿದೆ. ಕೂಡಿ ಮುಗಿಯಿತು, ಇನ್ನು ನೀವು ಹೊಡೆಯಬಹುದು ಎಂದು.

ಬೂ ನಾಸರ್ ನನ್ನನ್ನೇ ನೋಡಿದರು. ಆಮೇಲೆ ಮೆಲ್ಲಗೆ, ಬಹಳ ಮೆಲ್ಲಗೆ, ಹೆದೆಯನ್ನು ಸಡಿಲಿಸುತ್ತ ಬಂದರು. ರಾಟೆಗಳು ಹಿಂದಕ್ಕೆ ತಿರುಗಿದವು. ಬಾಣವನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಶಾಯಿಬ್ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಒಮ್ಮೆ ಕೆಮ್ಮಿ, ತನ್ನ ಹೆಣ್ಣುಗಳ ಕಡೆ ಹೋಯಿತು.

"ಖಲಾಸ್," ಎಂದು ಅವರೂ ಹೇಳಿದರು. "ನೀನು ಹೇಳಿದ್ದು ಸರಿ. ಸಾಕು."

ಅವರಿಗೆ ಕೇಳಿಸಿದ್ದು ಅದು. ಖಲಾಸ್ ಎಂದರೆ ಮುಗಿಯಿತು ಹೌದು, ಸಾಕು ಬಿಡು ಎಂದೂ ಹೌದು. ಬಿಡು ಎಂದು ನಾನು ಹೇಳಿರಲಿಲ್ಲ. ತಿದ್ದಬೇಕು ಎಂದು ಬಾಯಿ ತೆರೆದೆ. ಅವರು ಎಡಗೈಯಿಂದ ಬಲಭುಜ ಒತ್ತಿಕೊಳ್ಳುತ್ತ, ಮಂಜಿನಲ್ಲಿ ಮಸುಕಾಗುತ್ತಿದ್ದ ಶಾಯಿಬ್‌ನನ್ನು ನೋಡುತ್ತಿದ್ದರು. ಮುಖ ಸಡಿಲಗೊಂಡು ಹಗುರಾಗಿತ್ತು. ಬಾಯಿ ಮುಚ್ಚಿಕೊಂಡೆ.

ಪಿಕಪ್ಪಿನ ಹಿಂಬಾಗಿಲ ಮೇಲೆ ಗ್ಯಾಸ್ ಸ್ಟೌ ಇಟ್ಟು ಹಸನಾಕ ಸುಲೈಮಾನಿ ಚಹಾ ಕಾಯಿಸಿದರು. ಬಾಣದಲ್ಲಿ ರಕ್ತ ಇಲ್ಲದ್ದು ನೋಡಿದರು. ಅವತ್ತು ನನಗೆ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿದರು. ಬೂ ನಾಸರ್ ಲೋಟ ಹಿಡಿದುಕೊಂಡು ಹೇಳಿದರು.

"ಒಂದು ವರ್ಷದಿಂದ ಎಲ್ಲರಿಗೂ ಹೇಳಿಕೊಂಡು ಬಂದೆ, ನಾನೇ ಹೊಡೆಯುತ್ತೇನೆ, ನಾನೇ ಹೊಡೆಯುತ್ತೇನೆ ಅಂತ. ಆಮೇಲೆ ಬೇಡ ಅನ್ನಿಸಿತು. ಹೇಗೆ ಹೇಳುವುದು? ಯಾರಾದರೊಬ್ಬರು ಸಾಕು ಅನ್ನಲಿ ಅಂತ ಕಾಯುತ್ತಿದ್ದೆ ದಕ್ತೂರಾ."

ಶಾಯಿಬ್‌ಗೆ ಬೇರೆ ಬೇಲಿ ಹಾಕಿಸಿದರು. ಅದು ಅದರೊಳಗೆ ಇನ್ನೆರಡು ಚಳಿಗಾಲ ಕೆಮ್ಮಿಕೊಂಡು ಬದುಕಿತು. ಬೇಸಿಗೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಹಸನಾಕರ ವಾಯ್ಸ್ ಮೆಸೇಜು ಬಂತು: "ಡಾಕ್ಟ್ರೇ, ಆಯ್ತು! ಬಿಳಿಮೂತಿಗೆ ಎರಡು ಮರಿ ಉಂಟು." ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತು ಅದನ್ನು ಎರಡು ಸಲ ಹಾಕಿಕೊಂಡು ಕೇಳಿದೆ. ಅದು ಆಮೇಲಿನ ಮಾತು. ಹೇಳಬೇಕಾದದ್ದು ಆ ಡಿಸೆಂಬರಿನ ಸಂಜೆಯದು.

ನಾನು ಮನೆಗೆ ಬಂದಾಗ ರಘು ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತ ಕೂತಿದ್ದ. ನನ್ನ ಬಟ್ಟೆಯಲ್ಲಿ ಶಾಯಿಬ್‌ನ ವಾಸನೆ ಇತ್ತು, ಮೂಗು ಸುಕ್ಕಿಸಿದ. "ಹೊಡೆದ್ರಾ?" ಎಂದ. ಇಲ್ಲ ಎಂದೆ. ಎದುರಿಗೆ ಕೂತು ನಡೆದದ್ದೆಲ್ಲ ಹೇಳಿದೆ. ಖಲಾಸ್ ಎಂದದ್ದು, ಅವರು ಬಿಲ್ಲು ಇಳಿಸಿದ್ದು, ಯಾರಾದರೂ ಸಾಕು ಅನ್ನಲಿ ಎಂದು ಕಾದಿದ್ದು. ಅಷ್ಟು ಉದ್ದ ಮಾತನ್ನು ನಾನು ಮೂರು ತಿಂಗಳಿಂದ ಆಡಿರಲಿಲ್ಲ. ಹೇಳುತ್ತ ಹೇಳುತ್ತ ಅವನ ಕೈ ನೋಡಿದೆ. ಕಾಯಿಯ ತೊಟ್ಟು ಮುರಿದು, ನಾರು ಎಳೆದು, ತಟ್ಟೆಗೆ ಹಾಕುವ ಕೈ ನಿಂತುಹೋಗಿತ್ತು. ತಲೆ ಎತ್ತಿರಲಿಲ್ಲ. ಅವನೂ ಕಾಯುತ್ತಿದ್ದಾನೆ ಎಂದು ಆಗ ತಿಳಿಯಿತು. ಬೇಕು ಎಂದರೆ ಬೇಕು, ಬೇಡ ಎಂದರೆ ಬೇಡ, ಏನೋ ಒಂದು ನನ್ನ ಬಾಯಿಂದ ಬರಲಿ ಎಂದು ಎಳೆದು ಹಿಡಿದುಕೊಂಡು ಕೂತಿದ್ದಾನೆ.

ಒಂದೇ ಪದದಲ್ಲಿ ಹೇಳಬಾರದು ಎಂದುಕೊಂಡೆ. ಈ ಸಲ ಪೂರ್ತಿ ವಾಕ್ಯ.

"ರಘು, ನನಗೆ ಇನ್ನೊಂದು ಸಲ ಬೇಡ. ಆ ಉಳಿದಿರೋದನ್ನ ಬಿಟ್ಟುಬಿಡೋಣ ಅಂತ ನಾಳೆ ಆಸ್ಪತ್ರೆಗೆ ಹೇಳ್ತೀನಿ. ನನಗೆ ಮಗು ಬೇಕಿತ್ತು, ತುಂಬ ಬೇಕಿತ್ತು. ಆದರೆ ಇನ್ನು ದಿನ ಎಣಿಸೋಕೆ ನನ್ನ ಕೈಲಿ ಆಗಲ್ಲ. ನಾವಿಬ್ಬರೇ ಇರೋಣ."

ಹೇಳಿ ಮುಗಿಸಿದ ಮೇಲೆ ಅಳು ಬಂತು. ಜೋಮು ಬಿಡುವಾಗ ಕಾಲಿಗೆ ಸೂಜಿ ಚುಚ್ಚಿದ ಹಾಗಾಗುತ್ತದಲ್ಲ, ಮೈಯೆಲ್ಲ ಹಾಗಾಯಿತು. ಬಾಯಿ ಬಿಟ್ಟು, ಪಕ್ಕದ ಮನೆಗೆ ಕೇಳಿಸುವ ಹಾಗೆ ಅತ್ತೆ. ರಘು ಎದ್ದು ಬಂದು ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತ. ಅವನ ಕೈಯಲ್ಲಿ ಹಸಿ ಕಾಯಿಯ ವಾಸನೆ ಇತ್ತು. ಅವನ ಹೊಟ್ಟೆ ಅದುರುತ್ತಿದ್ದದ್ದು ನನ್ನ ಕಿವಿಗೆ ತಾಗುತ್ತಿತ್ತು. ಕೆಳಗೆ ಪಾಳಿಯ ಬಸ್ಸು ಬಂದು, ಹಾರ್ನ್ ಹೊಡೆದು, ಹೋಯಿತು.

"ಆಯ್ತು," ಎಂದ ರಘು.

ಯಾವ ಆಯ್ತು ಎಂದು ನಾನು ಕೇಳಲಿಲ್ಲ.